ಎಲೆಕೋಸಿನ ಪ್ರಾಕ್ಟಿಕಲ್

ಟೈಲರ್ ಬೇಕಂತಲೇ ಸುಳ್ಳು ಹೇಳಿದವನಲ್ಲ. ಶನಿವಾರ ಸಂಜೆ ಫೋನ್ ಬಂದಾಗ ಅವನು ಹೋಟೆಲಿನಲ್ಲಿ ಹೊಟ್ಟೆ ಬಿರಿಯ ತಿಂದು ಬಂದು, ಊಟದ ಮೇಜಿನ ಮೇಲೆ ಕಾಲು ಚಾಚಿ ಕೂತಿದ್ದ. ಹೆಂಡತಿ ತನ್ನ ಆಸ್ಪತ್ರೆಯ ಕೆಲಸದ ತರಬೇತಿಗೆಂದು ಒಂದು ತಿಂಗಳ ಮಟ್ಟಿಗೆ ಬೇರೆ ಊರಿಗೆ ಹೋಗಿ ಎರಡು ದಿನವಾಗಿತ್ತು. ಆ ಕಡೆಯಿಂದ ಅತ್ತೆ, "ಊಟಕ್ಕೇನು ಮಾಡ್ಕೊಂಡ್ರಿ ಅಳಿಯಂದ್ರೇ?" ಎಂದು ಕೇಳಿದರು. ಅವನ ಹಿಮ್ಮಡಿಯ ಪಕ್ಕದಲ್ಲೇ, ಹೆಂಡತಿ ಬಿಟ್ಟುಹೋದ ಒಂದು ಎಲೆಕೋಸು ಇತ್ತು. ಕಣ್ಣಿಗೆ ಬಿದ್ದದ್ದೇ ಬಾಯಿಗೆ ಬಂದುಬಿಟ್ಟಿತು.

"ಎಲೆಕೋಸಿನ ಅನ್ನ ಅತ್ತೆ. ಒಂದೇ ಬಾಣಲೆ. ನಾನೇ ಮಾಡ್ದೆ."

"ನೀವೇ?"

"ನಾನೇ."

"ಚೆನ್ನಾಗಿತ್ತಾ?"

"ಬೆರಳು ಚೀಪೋ ಹಾಗಿತ್ತು."

"ಹಾಗಾದ್ರೆ ನಾಳೆ ಬೆಳಿಗ್ಗೆ ಬರ್ತೀನಿ. ನನ್ನ ಕಣ್ಣೆದುರು ಒಂದ್ಸಲ ಮಾಡಿ ತೋರ್ಸಿ. ನಿಮ್ಮ ಕೈ ಅಡುಗೆ ನೋಡಿಯೇ ತೀರ್ಮಾನ ಮಾಡ್ತೀನಿ, ಇರೋದೋ ವಾಪಸ್ ಹೋಗೋದೋ ಅಂತ."

ಫೋನ್ ಇಟ್ಟ ಟೈಲರ್ ಮೇಜಿನಿಂದ ಕಾಲು ಕೆಳಗಿಳಿಸಿದ. ಅವನ ಅತ್ತೆ ಸಾಮಾನ್ಯ ಹೆಂಗಸಲ್ಲ. ಮೂವತ್ತೊಂದು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕಾಪಿ ಹಿಡಿದವರು. ಬೂಟಿನೊಳಗಿನ ಚೀಟಿ, ಬ್ಯಾಂಡೇಜಿನೊಳಗಿನ ಚೀಟಿ, ಕೊನೆಗೆ ಒಬ್ಬನ ಕಟ್ಟಿಸಿದ ಹಲ್ಲಿನ ಸೆಟ್ಟಿನಡಿಯ ಚೀಟಿಯನ್ನೂ ಹೊರಗೆ ತೆಗೆಸಿದ್ದರು. ಮೂವರು ಅಳಿಯಂದಿರೂ ಬೆನ್ನ ಹಿಂದೆ ಅವರನ್ನು ಕರೆಯುತ್ತಿದ್ದುದು ಸ್ಕ್ವಾಡ್ ಅತ್ತೆ ಎಂದು. ಕಿರಿಯ ಅಳಿಯನಾದ ಟೈಲರ್ ಮಾತ್ರ ಆ ಹೆಸರನ್ನು ಮನಸ್ಸಿನಲ್ಲಿ ಅಂದುಕೊಳ್ಳುವುದಕ್ಕೂ ಹೆದರುತ್ತಿದ್ದ. ಹೋದ ವರ್ಷ ಅವರು ನಾಲ್ಕು ದಿನ ಬಂದು ಉಳಿದಾಗ ಬೆಳಗಿನ ಐದಕ್ಕೆ ಎಬ್ಬಿಸಿದ್ದರು. ಬಾತ್‌ರೂಮಿಗೆ ಪೇಪರು ಒಯ್ಯುವುದನ್ನು ನಿಲ್ಲಿಸಿದ್ದರು. ಭಾನುವಾರದ ಇಸ್ಪೀಟಿಗೆ ಹೊರಟವನನ್ನು ಬಾಗಿಲಲ್ಲೇ ತಡೆದು ಜೇಬು ಝಾಡಿಸಿ, ನಾಲ್ಕು ಎಲೆಗಳನ್ನು ಹೊರಗೆ ತೆಗೆದಿದ್ದರು. ಅವನಿಗೆ ಅವು ಅಲ್ಲಿದ್ದದ್ದೇ ನೆನಪಿರಲಿಲ್ಲ.

ಈಗ ಕೈಯಲ್ಲಿ ಇಪ್ಪತ್ತೆಂಟು ದಿನದ ಸ್ವಾತಂತ್ರ್ಯವಿತ್ತು. ಅಡುಗೆ ಬರುವುದೆಂದು ತೋರಿಸಿದರೆ ಅತ್ತೆ ಸಂಜೆಯ ಬಸ್ಸಿಗೆ ವಾಪಸ್ ಹೋಗುತ್ತಾರೆ. ಬರುವುದಿಲ್ಲವೆಂದು ಗೊತ್ತಾದರೆ, ಅಳಿಯ ಉಪವಾಸ ಬೀಳಬಾರದೆಂದು ತಿಂಗಳು ಪೂರ್ತಿ ಇಲ್ಲೇ ಝಾಂಡಾ ಹೂಡುತ್ತಾರೆ. ಲೆಕ್ಕ ಇಷ್ಟು ಸರಳವಾಗಿತ್ತು, ಆದರೆ ಟೈಲರನಿಗೆ ಅಡುಗೆ ಬರುತ್ತಿರಲಿಲ್ಲ.

ಭಾನುವಾರ ಬೆಳಕು ಹರಿಯುತ್ತಲೇ ಅವನು ಪಕ್ಕದ ಮನೆಯ ಅಕ್ಕನ ಬಾಗಿಲು ಬಡಿದ. ಅಕ್ಕ ಪೊರಕೆ ಹಿಡಿದೇ ಬಾಗಿಲು ತೆರೆದಳು.

"ಅಕ್ಕ, ಎಲೆಕೋಸಿನ ಅನ್ನ ಮಾಡೋದು ಹೇಗೆ? ಸುಮ್ನೆ ಕೇಳ್ದೆ."

"ಸುಮ್ನೆ ಯಾರೂ ಬೆಳಿಗ್ಗೆ ಆರೂವರೆಗೆ ಎಲೆಕೋಸು ಕೇಳಲ್ಲ. ಎಷ್ಟು ಜನಕ್ಕೆ?"

"ಇಬ್ರಿಗೆ."

ಅಕ್ಕನ ಹುಬ್ಬು ಹಣೆಯ ಮೇಲಕ್ಕೆ ಹೋಯಿತು. "ಹೆಂಡ್ತಿ ಊರಲ್ಲಿಲ್ಲ. ನೀವೊಬ್ರೇ. ಎರಡನೆಯವರು ಯಾರು ಟೈಲರಣ್ಣ?"

"ನಮ್ಮತ್ತೆ."

"ಅತ್ತೆಗೆ ಅಡುಗೆ ಮಾಡಿ ಹಾಕೋ ಅಳಿಯನ್ನ ನಾನಂತೂ ಎಲ್ಲೂ ನೋಡಿಲ್ಲ," ಎಂದಳು ಅಕ್ಕ. ನಂಬಲಿಲ್ಲ ಎನ್ನುವುದು ಮುಖದಲ್ಲೇ ಇತ್ತು. ಆದರೆ ಬರುವವಳು ಯಾರೆಂದು ಕಣ್ಣಾರೆ ನೋಡಬೇಕಾದರೆ ಅಡುಗೆ ಆಗಲೇಬೇಕಲ್ಲ ಎಂದುಕೊಂಡು, ಮೊದಲಿಂದ ಕೊನೆಯವರೆಗೆ ಹೇಳಿಕೊಟ್ಟಳು. ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು ಎನ್ನುವಷ್ಟರಲ್ಲಿ ಮಹಡಿ ಮೆಟ್ಟಿಲಿನಿಂದ, "ತಪ್ಪು, ಒಂದೂವರೆ" ಎಂಬ ದನಿ ಬಂತು.

ಮೇಲಿನ ಮನೆಯ ಕಂಡಕ್ಟರ್. ಬಸ್ಸಿನಿಂದ ನಿವೃತ್ತನಾಗಿ ಆರು ವರ್ಷವಾದರೂ ಕೊರಳಿನ ಸೀಟಿ ಇನ್ನೂ ನಿವೃತ್ತವಾಗಿರಲಿಲ್ಲ. ಕಟ್ಟಡದ ನೀರಿನ ಟ್ಯಾಂಕು ತುಂಬಿದರೆ ಒಂದು ಸೀಟಿ, ಮೋಟರ್ ಹಾಕಬೇಕಾದರೆ ಎರಡು.

"ಎಲೆಕೋಸು ತಾನೇ ನೀರು ಬಿಡತ್ತೆ ಕಣ್ರೀ. ಎರಡು ಹಾಕಿದ್ರೆ ಗಂಜಿ," ಎಂದು ಅವನು ಇಳಿದು ಬಂದ.

"ಒಂದೂವರೆ ಹಾಕಿದ್ರೆ ಹಲ್ಲು ಮುರಿಯತ್ತೆ," ಎಂದಳು ಅಕ್ಕ.

ಇಬ್ಬರೂ ಜಗಳಕ್ಕೆ ನಿಂತರು. ಟೈಲರ್ ಬಟ್ಟೆಯನ್ನು ನಡುವೆ ಮಡಚಿ ಗುರುತು ಹಾಕಿ ಬದುಕಿದವನು. ಒಂದೂಮುಕ್ಕಾಲು ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ಮನೆಗೆ ಬಂದ. ಆದರೆ ಎಷ್ಟು ಹೊತ್ತು ಬೇಯಿಸಬೇಕು ಎಂಬುದನ್ನು ಕೇಳಿಕೊಳ್ಳಲು ಆ ಜಗಳದಲ್ಲಿ ಆಗಲೇ ಇಲ್ಲ.

ಇಷ್ಟನ್ನೂ ತಲೆಯಲ್ಲಿ ಇಟ್ಟುಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಚೀಟಿ ಬರೆದು ಎಲ್ಲಿಟ್ಟರೂ ಅತ್ತೆ ಹಿಡಿಯುತ್ತಾರೆ. ಬೂಟು, ಕಾಲರು, ತೋಳಿನ ಮಡಿಕೆ ಎಲ್ಲವನ್ನೂ ಅವರು ನೋಡಿದ್ದಾರೆ. ಆಗ ಅವನ ಕೈ ಕೊರಳಿಗೆ ಹೋಯಿತು. ಇಪ್ಪತ್ತು ವರ್ಷದಿಂದ ನಿದ್ದೆ ಮಾಡುವಾಗ ಬಿಟ್ಟು ಉಳಿದ ಹೊತ್ತೆಲ್ಲ ಅಲ್ಲೇ ತೂಗುವ ಅಳತೆ ಟೇಪು. ಅದು ಇದ್ದರೆ ಯಾರೂ ನೋಡುವುದಿಲ್ಲ, ಇಲ್ಲದಿದ್ದರೆ ಮೈಗೆ ಹುಷಾರಿಲ್ಲವೇ ಎಂದು ಕೇಳುತ್ತಾರೆ. ಟೇಪಿನ ಹಿಂಬದಿಯಲ್ಲಿ, ಐದು ಇಂಚಿಗೆ ಎಣ್ಣೆ, ಹತ್ತಕ್ಕೆ ಈರುಳ್ಳಿ, ಹದಿನೈದಕ್ಕೆ ಎಲೆಕೋಸು, ಇಪ್ಪತ್ತಕ್ಕೆ ಉಪ್ಪು ಮೆಣಸು, ಇಪ್ಪತ್ತೈದಕ್ಕೆ ಅಕ್ಕಿ, ಮೂವತ್ತಕ್ಕೆ ನೀರು, ಮೂವತ್ತೈದಕ್ಕೆ ಮುಚ್ಚಳ ಎಂದು ಸಣ್ಣಗೆ ಪೆನ್ಸಿಲಿನಲ್ಲಿ ಬರೆದ. ಬರೆದು ಮುಗಿಸಿ ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಎಂಟೂವರೆಗೆ ಅತ್ತೆ ಬಂದರು. ಕೂರಲಿಲ್ಲ, ನೀರೂ ಕೇಳಲಿಲ್ಲ. ನೇರವಾಗಿ ಅಡುಗೆಮನೆಗೆ ಹೋಗಿ ಒಲೆಯ ಮೇಲೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದರು.

"ನಿನ್ನೆ ಅಡುಗೆ ಮಾಡಿದ್ದು ಈ ಒಲೆ ಮೇಲೇನಾ?"

"ಹೌದತ್ತೆ. ಒರೆಸ್ದೆ."

"ಎರಡು ದಿನದ ಧೂಳಿದೆ."

"ಕಿಟಕಿಯಿಂದ ಬರತ್ತೆ."

ಅತ್ತೆ ಮೇಜಿನ ಮೇಲಿನ ಎಲೆಕೋಸನ್ನು ಕೈಗೆತ್ತಿಕೊಂಡು ತಿರುಗಿಸಿದರು. "ನಿನ್ನೆ ಎಲೆಕೋಸಿನ ಅನ್ನ ಮಾಡಿದ್ರಿ. ಎಲೆಕೋಸು ಇಡಿಯಾಗಿದೆ."

"ಅದು ಇನ್ನೊಂದು."

ಅವರು ಎಲೆಕೋಸನ್ನು ಕೆಳಗಿಟ್ಟರು. ಒಂದು ಕುರ್ಚಿ ಎಳೆದು, ಒಲೆ, ಬಾಗಿಲು, ಕಿಟಕಿ ಮೂರೂ ಕಾಣುವ ಜಾಗದಲ್ಲಿ ಹಾಕಿಕೊಂಡು ಕೂತರು. ಅಂಥ ಜಾಗ ಆ ಅಡುಗೆಮನೆಯಲ್ಲಿ ಇದೆಯೆಂದು ಅಲ್ಲೇ ಹತ್ತು ವರ್ಷ ಸಂಸಾರ ಮಾಡಿದ ಅವನಿಗೆ ಗೊತ್ತಿರಲಿಲ್ಲ.

"ಶುರು ಮಾಡಿ," ಎಂದರು.

ಕತ್ತರಿಸುವುದರಲ್ಲಿ ಮಾತ್ರ ಟೈಲರನನ್ನು ಮೀರಿಸುವವರಿಲ್ಲ. ಎಲೆಕೋಸು ಎರಡು ಹೋಳಾಯಿತು, ನಾಲ್ಕಾಯಿತು, ಆಮೇಲೆ ಒಂದೇ ಅಗಲದ ರಿಬ್ಬನ್ನಿನ ಹಾಗೆ ಬಿಚ್ಚಿಕೊಂಡು ರಾಶಿ ಬಿತ್ತು. ಅತ್ತೆ ಒಂದು ಎಳೆ ಎತ್ತಿ ನೋಡಿ ಕೆಳಗಿಟ್ಟರು. ತಪ್ಪು ಸಿಗದಿದ್ದುದು ಅವರ ಸಂಶಯವನ್ನು ಇನ್ನಷ್ಟು ಹೆಚ್ಚಿಸಿದ ಹಾಗಿತ್ತು.

ಬಾಣಲೆ ಒಲೆಗೇರಿತು. ಟೈಲರ್ ಅಭ್ಯಾಸಬಲವೆಂಬಂತೆ ಟೇಪು ಬಿಡಿಸಿ ಎಣ್ಣೆ ಬಾಟಲಿಯ ಎತ್ತರ ಅಳೆದ. ಎಣ್ಣೆ ಬಿದ್ದಿತು. ಈರುಳ್ಳಿಯ ಸುತ್ತಳತೆ ತೆಗೆದ. ಈರುಳ್ಳಿ ಬಿದ್ದಿತು. ಎಲೆಕೋಸಿನ ರಾಶಿಯ ಅಗಲ ನೋಡಿ ಅದನ್ನೂ ಹಾಕಿದ. ಉಪ್ಪಿನ ಡಬ್ಬಿಗೆ ಟೇಪು ಸುತ್ತುವಾಗ ಕುರ್ಚಿ ಕಿರುಗುಟ್ಟಿತು.

"ಉಪ್ಪಿನ ಡಬ್ಬಿಗೆ ಅಂಗಿ ಹೊಲಿಸ್ತೀರಾ?"

"ಅಭ್ಯಾಸ ಅತ್ತೆ. ಅಳೀದೆ ಕೈ ಓಡಲ್ಲ."

"ಅಳೆಯೋರು ನಂಬರು ನೋಡ್ತಾರೆ. ನೀವು ಟೇಪು ಮಗುಚಿ ನೋಡ್ತಿದೀರಿ. ಕೊಡಿ ಇಲ್ಲಿ."

ಟೈಲರ್ ಡಬ್ಬಿಯಿಂದ ಟೇಪು ಬಿಡಿಸಿ ಕೊಟ್ಟ. ಅತ್ತೆ ಟೇಪನ್ನು ಮಗುಚಿ, ಕನ್ನಡಕ ಏರಿಸಿ, ಐದರಿಂದ ಮೂವತ್ತೈದು ಇಂಚಿನವರೆಗೆ ಗಟ್ಟಿಯಾಗಿ ಓದಿದರು. ಓದಿ ಮುಗಿಸಿ ಅದನ್ನು ಸುರುಳಿ ಸುತ್ತಿದರು.

"ಮೂವತ್ತೊಂದು ವರ್ಷದಲ್ಲಿ ಇದೊಂದು ಬಾಕಿ ಇತ್ತು," ಎಂದರು. ದನಿಯಲ್ಲಿ ಮೆಚ್ಚುಗೆಯೂ ಇತ್ತೇನೋ. "ನಿಯಮದ ಪ್ರಕಾರ ಡಿಬಾರ್ ಮಾಡ್ಬೇಕು. ಮಗಳ ಮುಖ ನೋಡಿ ಬಿಡ್ತೀನಿ. ಮುಂದುವರಿಸಿ."

ಟೇಪು ಅವರ ಚೀಲ ಸೇರಿತು. ಟೈಲರನಿಗೆ ಕೊರಳು ಬೋಳಾಗಿ, ತಲೆಯೂ ಬೋಳಾದ ಹಾಗಾಯಿತು. ಉಪ್ಪು ಮೆಣಸು ಉದುರಿಸಿದ. ಮುಂದಿನದು ಅಕ್ಕಿ ಎಂಬುದು ನೆನಪಿತ್ತು, ಹಾಕಿದ. ಅಷ್ಟರಲ್ಲಿ ಕಿಟಕಿಯಾಚೆ ಪಕ್ಕದ ಮನೆಯ ಅಕ್ಕ ಒಗೆದ ಬಟ್ಟೆ ಒಣಹಾಕಲು ಬಂದಳು. ಬಟ್ಟೆ ಒಂದೇ ಇತ್ತು, ಅದೂ ಒಣಗಿತ್ತು. ಒಳಗೆ ಕೂತದ್ದು ನಿಜವಾಗಿಯೂ ಅತ್ತೆಯೆಂದು ನೋಡಿ ಅವಳ ಮುಖ ಬಾಡಿತು. ಆದರೂ ಶಿಷ್ಯ ಸೋಲಬಾರದೆಂದು ಎರಡು ಬೆರಳು ಎತ್ತಿ ತೋರಿಸಿದಳು.

ಅದೇ ಹೊತ್ತಿಗೆ ಬಾಗಿಲಲ್ಲಿ ಕಂಡಕ್ಟರ್. "ಸ್ವಲ್ಪ ಸಕ್ಕರೆ ಬೇಕಾಗಿತ್ತು," ಎಂದು ಲೋಟ ಚಾಚಿದ. ಲೋಟ ಹಿಡಿದ ಕೈಯಲ್ಲಿ ಒಂದು ಬೆರಳು ನೆಟ್ಟಗೆ, ಇನ್ನೊಂದು ಅರ್ಧಕ್ಕೆ ಮಡಚಿತ್ತು.

"ಆ ಬೆರಳಿಗೇನಾಗಿದೆ?" ಎಂದರು ಅತ್ತೆ.

"ಸಂಧಿವಾತ ಅಮ್ಮ."

"ಒಂದೂವರೆ ಬೆರಳಿಗೆ ಮಾತ್ರ?"

ಕಂಡಕ್ಟರ್ ಹಲ್ಲು ಕಿರಿದು ಹಿಂದೆ ಸರಿದ. ಅತ್ತೆ ಎದ್ದು ಬಾಗಿಲು ಹಾಕಿ, ಕಿಟಕಿಯ ಪರದೆ ಎಳೆದರು. ಟೈಲರನಿಗೆ ತಾನೇ ಮಡಚಿ ತೆಗೆದ ಒಂದೂಮುಕ್ಕಾಲು ನೆನಪಿತ್ತು, ಅಷ್ಟು ನೀರು ಹಾಕಿ ಮುಚ್ಚಳ ಮುಚ್ಚಿದ. ಆಮೇಲೆ ಉರಿ ಸಣ್ಣ ಮಾಡಿ ಕೈ ಕಟ್ಟಿ ನಿಂತ. ಯಾವಾಗ ಆರಿಸಬೇಕು ಎಂಬುದೊಂದೇ ಈಗ ಉಳಿದಿದ್ದು, ಅದೊಂದೇ ಅವನಿಗೆ ಗೊತ್ತಿರಲಿಲ್ಲ.

ಹತ್ತು ನಿಮಿಷವಾಗಿರಬಹುದು. ಮಹಡಿ ಮೆಟ್ಟಿಲಿನಿಂದ ಸೀಟಿ ಕೇಳಿಸಿತು. ಒಂದೇ ಒಂದು, ಉದ್ದಕ್ಕೆ. ನಿಲ್ಲಿಸು ಎಂದು ಅರ್ಥ. ಟೈಲರನ ಕೈ ತಾನಾಗಿ ಒಲೆಯ ತಿರುಗುಣಿಗೆ ಹೋಯಿತು.

"ಯಾಕೆ ಕೈ ಹೋಯ್ತು?"

"ಟ್ಯಾಂಕು ತುಂಬ್ತು ಅಂತ ಸೀಟಿ ಅತ್ತೆ."

"ಟ್ಯಾಂಕು ತುಂಬಿದ್ರೆ ಒಲೆ ಯಾಕೆ ಆರಿಸ್ತೀರಿ?"

ಅವನು ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಪರದೆಯ ಆಚೆ ಅಕ್ಕ ಕೆಮ್ಮತೊಡಗಿದಳು. ಆರಿಸಬೇಡ, ಆರಿಸಬೇಡ ಎಂಬಂಥ ಕೆಮ್ಮು. ಕಂಡಕ್ಟರ್ ಮತ್ತೆ ಸೀಟಿ ಊದಿದ. ಅಕ್ಕ ಇನ್ನೂ ಜೋರಾಗಿ ಕೆಮ್ಮಿದಳು. ಇಬ್ಬರ ಜಗಳ ಗೋಡೆಯ ಎರಡೂ ಕಡೆಯಿಂದ ನಡೆಯಿತು. ಎರಡನೇ ಮಹಡಿಯಿಂದ ಯಾರೋ ಮೋಟರ್ ಆರಿಸಿ, ಮತ್ತೆ ಹಾಕಿ, ಮತ್ತೆ ಆರಿಸಿದರು.

ಅತ್ತೆ ಹೊರಗೆ ಹೋದರು. "ಇಬ್ರೂ ನಿಮ್ಮ ನಿಮ್ಮ ಮನೆಯೊಳಗೆ ಹೋಗಿ. ನಾನು ಹೇಳೋವರೆಗೆ ಹೊರಗೆ ಬರ್ಬೇಡಿ. ಆ ಸೀಟಿ ಇಲ್ಲಿ ಕೊಡಿ," ಎಂದದ್ದು ಟೈಲರನಿಗೆ ಕೇಳಿಸಿತು. ಆರು ವರ್ಷದಲ್ಲಿ ಕಟ್ಟಡದ ಯಾರಿಂದಲೂ ಆಗದಿದ್ದ ಕೆಲಸವನ್ನು ಅವರು ಅರ್ಧ ನಿಮಿಷದಲ್ಲಿ ಮುಗಿಸಿ ಒಳಗೆ ಬಂದರು.

ಈಗ ಅಡುಗೆಮನೆಯಲ್ಲಿ ಬಾಣಲೆಯ ಗುಳುಗುಳು ಬಿಟ್ಟರೆ ಸದ್ದಿಲ್ಲ. ಆ ಗುಳುಗುಳೂ ನಿಧಾನವಾಗಿ ಚಿಟಿಚಿಟಿ ಎನ್ನತೊಡಗಿತು. ಟೈಲರ್ ಕಣ್ಣು ಮುಚ್ಚಿದ. ಇಪ್ಪತ್ತೆಂಟು ದಿನದ ಬೆಳಗಿನ ನಿದ್ದೆ, ಬಾತ್‌ರೂಮಿನ ಪೇಪರು, ಭಾನುವಾರದ ಇಸ್ಪೀಟು ಎಲ್ಲವೂ ಆ ಮುಚ್ಚಳದಡಿ ಬೇಯುತ್ತಿದ್ದವು. ಅವನಿಗೆ ನಿಜವಾಗಿಯೂ ಅಳು ಬಂತು.

ಆಗ ಅವನ ಮೂಗಿಗೆ ಒಂದು ವಾಸನೆ ಬಡಿಯಿತು. ಸುಟ್ಟದ್ದಲ್ಲ, ಸುಡುವುದಕ್ಕೆ ಒಂದು ಉಸಿರಿನಷ್ಟು ಮುಂಚಿನದು. ಇದು ಅವನಿಗೆ ಚೆನ್ನಾಗಿ ಗೊತ್ತಿದ್ದ ವಾಸನೆ. ಇಸ್ತ್ರಿಪೆಟ್ಟಿಗೆಯಡಿ ಹತ್ತಿ ಬಟ್ಟೆ ಕಂದುವ ಮುಂಚೆ ಇದೇ ಬಿಸಿ, ಇದೇ ಸಿಹಿ ಕಮರು ಏಳುತ್ತದೆ. ಆ ಕ್ಷಣಕ್ಕೆ ಕೈ ಎತ್ತದಿದ್ದರೆ ಗಿರಾಕಿಯ ಅಂಗಿ ಹೋಯಿತು. ಇಪ್ಪತ್ತು ವರ್ಷದಲ್ಲಿ ಅವನ ಕೈಯಲ್ಲಿ ಒಂದು ಅಂಗಿಯೂ ಸುಟ್ಟಿರಲಿಲ್ಲ. ಯಾರನ್ನೂ ಕೇಳದೆ, ಯಾವ ಸೀಟಿಗೂ ಕಾಯದೆ ಅವನು ಒಲೆ ಆರಿಸಿದ.

ಮುಚ್ಚಳ ತೆಗೆದಾಗ ಅನ್ನ ಬಿಡಿಬಿಡಿಯಾಗಿ ಅರಳಿತ್ತು. ಎಲೆಕೋಸು ಮೆತ್ತಗಾಗಿ, ತಳದಲ್ಲಿ ಮಾತ್ರ ಕೆಂಪಗೆ ಗರಿಗರಿಯಾಗಿತ್ತು. ಟೈಲರ್ ತಟ್ಟೆಗೆ ಬಡಿಸಿ, ಕೂತಿದ್ದ ಅತ್ತೆಯ ಮುಂದೆ ತಂದಿಟ್ಟು, ಸ್ವಲ್ಪ ದೂರ ನಿಂತ.

ಅತ್ತೆ ಒಂದು ತುತ್ತು ತಿಂದರು. ನಿಲ್ಲಿಸಿದರು. ಇನ್ನೊಂದು ತುತ್ತು ತಿಂದರು. ಆಮೇಲೆ ಎದ್ದು ಸಿಂಕಿನ ಕೆಳಗೆ ಬಗ್ಗಿ ನೋಡಿದರು. ಕಪಾಟು ತೆರೆದರು. ಬಾಗಿಲ ಹಿಂದೆ ಹಣಕಿದರು. ಬೇರೆಯವರು ಮಾಡಿಕೊಟ್ಟ ಅನ್ನದ ಇನ್ನೊಂದು ಬಾಣಲೆ ಎಲ್ಲೂ ಸಿಗಲಿಲ್ಲ.

"ಒಲೆ ಯಾವಾಗ ಆರಿಸ್ಬೇಕು ಅಂತ ಟೇಪಲ್ಲಿ ಇರ್ಲಿಲ್ಲ. ಆ ಇಬ್ರೂ ಒಳಗಿದ್ರು. ಹೇಗೆ ಗೊತ್ತಾಯ್ತು?"

"ಇಸ್ತ್ರಿ ವಾಸನೆ ಅತ್ತೆ," ಎಂದು ಟೈಲರ್ ಇದ್ದದ್ದನ್ನು ಇದ್ದಹಾಗೆ ಹೇಳಿದ. ಅಂದು ಅತ್ತೆಯೆದುರು ಅವನು ಆಡಿದ ಮೊದಲ ನಿಜ ಅದು.

ಅತ್ತೆ ಅವನ ಮುಖವನ್ನೇ ದಿಟ್ಟಿಸಿದರು. ಮೂವತ್ತೊಂದು ವರ್ಷದಲ್ಲಿ ನೂರಾರು ಮುಖಗಳನ್ನು ಹಾಗೆ ನೋಡಿದ್ದ ಕಣ್ಣು. ಕೊನೆಗೆ ಕುರ್ಚಿಯಲ್ಲಿ ಕೂತು ತಟ್ಟೆ ಎಳೆದುಕೊಂಡರು.

"ಪಾಸ್," ಎಂದರು.

ಟೈಲರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂಜೆ ಬಸ್ಸು ಎಷ್ಟು ಹೊತ್ತಿಗೆಂದು ವಿಚಾರಿಸಿ ಬರುತ್ತೇನೆಂದು ಹೊರಗೆ ಓಡಿದ. ಮೆಟ್ಟಿಲ ಮೇಲೆ ಕೂತು ಮೊದಲು ಫೋನ್ ಮಾಡಿದ್ದು ಕನ್ನಡಕದ ಅಂಗಡಿ ಇಟ್ಟಿದ್ದ ಹಿರಿಯ ಷಡ್ಡಕನಿಗೆ. ಮನೆಯಲ್ಲಿ ಇಷ್ಟು ದಿನ ಕಿರಿಯವನೆಂದು ತನ್ನನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ ಎಂಬ ಸಿಟ್ಟೂ ಅವನಿಗಿತ್ತು.

"ಭಾವ, ಅತ್ತೆ ನನಗೆ ಅಡುಗೆ ಪರೀಕ್ಷೆ ಇಟ್ರು. ಪಾಸಾದೆ."

"ಪಾಸ್ ಅಂದ್ರೆ? ತಿಂದ್ರಾ?"

"ಇನ್ನೂ ತಿಂತಾನೇ ಇದಾರೆ."

"ಅಯ್ಯೋ ಪುಣ್ಯಾತ್ಮ," ಎಂದ ಷಡ್ಡಕ, ಸತ್ತ ಸುದ್ದಿ ಕೇಳಿದವನ ದನಿಯಲ್ಲಿ. "ನಮಗೊಂದು ಮಾತು ಕೇಳ್ಬಾರ್ದಿತ್ತಾ? ಹೋದ ತಿಂಗಳು ನನಗೂ ಇಟ್ರು, ಅದಕ್ಕೆ ಮುಂಚೆ ನಡುವಿನವನಿಗೂ ಇಟ್ರು. ನಾನು ಬೇಕಂತಲೇ ಸೀಯಿಸಿ ಹಾಕ್ದೆ. ಅವನು ಹಸಿ ಅಕ್ಕಿ ಬಡಿಸ್ದ. ಇಬ್ರ ಮನೆಯಿಂದಲೂ ಅದೇ ಸಂಜೆ ಹೊರಟ್ರು. ಅವರು ನೋಡ್ತಿರೋದು ಯಾರಿಗೆ ಅಡುಗೆ ಮಾಡಿ ಹಾಕ್ಬೇಕು ಅಂತಲ್ಲ ಕಣಯ್ಯ. ತಮಗೆ ಯಾರು ಮಾಡಿ ಹಾಕ್ತಾರೆ ಅಂತ."

ಟೈಲರ್ ಮೆಟ್ಟಿಲ ಮೇಲೇ ತಲೆಯ ಮೇಲೆ ಕೈ ಹೊತ್ತು ಕೂತ. ಸ್ವಲ್ಪ ಹೊತ್ತಿನ ಮೇಲೆ ಒಂದು ಉಪಾಯ ಹೊಳೆಯಿತು. ಇನ್ನೂ ಕೆಟ್ಟಿಲ್ಲ. ರಾತ್ರಿಯ ಅಡುಗೆಯನ್ನು ಸೀಯಿಸಿ ಕರಕಲು ಮಾಡಿದರೆ ಆಯಿತು, ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಾರೆ. ಎದ್ದು ಒಳಗೆ ಬಂದ.

ಅತ್ತೆ ತಟ್ಟೆ ಖಾಲಿ ಮಾಡಿ, ಬಾಣಲೆಯ ತಳ ಕೆರೆದು ಬಡಿಸಿಕೊಂಡು ತಿನ್ನುತ್ತಿದ್ದರು. ಅವನನ್ನು ನೋಡಿ ಕೈ ತಡೆದರು.

"ನಿಮ್ಮ ದೊಡ್ಡ ಷಡ್ಡಕನಿಗೆ ತಾನೇ ಫೋನು?" ಎಂದರು. ಅವನು ತಬ್ಬಿಬ್ಬಾದ. "ಆ ಇಬ್ರೂ ಬೇಕಂತಲೇ ಕೆಡಿಸಿದ್ದು ನನಗೆ ಗೊತ್ತಾಗ್ಲಿಲ್ಲ ಅಂದ್ಕೊಂಡಿದಾರೆ. ಬರದೆ ತಪ್ಪು ಬರೆಯೋ ಕೈ ಬೇರೆ ಅಳಿಯಂದ್ರೇ, ಬಂದೂ ತಪ್ಪು ಬರೆಯೋ ಕೈ ಬೇರೆ. ಒಂದು ನೋಟಕ್ಕೆ ಗೊತ್ತಾಗತ್ತೆ. ಬೇಡ ಅನ್ನೋರ ಮನೇಲಿ ಯಾಕಿರ್ಬೇಕು ಅಂತ ಮಾತಾಡ್ದೆ ಎದ್ದು ಬಂದೆ."

ಅವರು ತಟ್ಟೆಯ ಕಡೆ ನೋಡಿದರು. "ಬೆಳಿಗ್ಗೆ ನಾಲ್ಕಕ್ಕೆದ್ದು ಎಲ್ಲರಿಗೂ ಬೇಯಿಸಿಟ್ಟು ಪರೀಕ್ಷೆ ಹಾಲಿಗೆ ಓಡಿದೋಳು ನಾನು. ಈಗಲೂ ನಾನೇ ಬೇಯಿಸಿ ನಾನೇ ತಿನ್ನೋದು. ಕೂತಲ್ಲಿಗೆ ಒಬ್ರು ಮನಸ್ಸಿಟ್ಟು ಮಾಡಿ ತಟ್ಟೆ ತಂದಿಟ್ಟದ್ದು ಇವತ್ತೇ. ನೀವು ಕಾಪಿ ಹೊಡೆದ್ರಿ, ಸುಳ್ಳು ಹೇಳಿದ್ರಿ. ಆದ್ರೆ ಪಾಸಾಗ್ಬೇಕು ಅಂತ ಮಾಡಿದ್ರಿ."

ಟೈಲರನ ಸೀಯಿಸುವ ಉಪಾಯ ಅಲ್ಲೇ ಸತ್ತಿತು. ಸಿಟ್ಟು ಮಾಡೋಣವೆಂದರೆ ಅದೂ ಬರಲಿಲ್ಲ. ಇಂಥ ಹೊತ್ತಿನಲ್ಲಿ ಅಳಿಯನಾದವನು ಹೇಳಬಹುದಾದ ಮಾತು ಒಂದೇ, ಅದನ್ನೇ ಹೇಳಿದ.

"ತಿಂಗಳು ಪೂರ್ತಿ ಇರಿ ಅತ್ತೆ."

"ತಿಂಗಳೇನು, ಮಗಳು ಬಂದ ಮೇಲೂ ಇರ್ತೀನಿ. ಅವಳಿಗೂ ಕೆಲಸದಿಂದ ಬಂದು ಬೇಯಿಸೋದು ತಪ್ಪತ್ತೆ," ಎಂದರು ಅತ್ತೆ. ಕೊನೆಯ ಅಗುಳನ್ನೂ ಬಳಿದು ತಿಂದು, ತಟ್ಟೆಯನ್ನು ಅವನ ಕೈಗೆ ಕೊಟ್ಟರು. "ರಾತ್ರಿಗೆ ಅಕ್ಕಿ ಎರಡು ಲೋಟ ಜಾಸ್ತಿ ಹಾಕಿ. ಪಕ್ಕದ ಮನೆಯವರನ್ನೂ ಮೇಲಿನ ಮನೆಯವರನ್ನೂ ಊಟಕ್ಕೆ ಕರೀತೀನಿ. ಇನ್ನು ಮೇಲೆ ದಿನಾ ಅವರಿಬ್ರೂ ನನ್ನ ಕಣ್ಣೆದುರೇ ಕೂತಿರ್ಲಿ. ಹೊರಗಿದ್ರೆ ಹೇಳಿಕೊಡ್ತಾರೆ."